ಅರವತ್ತು ಗುಳಿಗಿ

ಲೇಬಲ್ ನಾನ ಹೊಡದಿದ್ನಿ.
ಗದಗಿನ್ಯಾಗ, ಬೆಟಗೇರಿ ಕಡೆ ಹೋಗೋ ದಾರ್ಯಾಗ ನಮ್ಮ ಪ್ರೆಸ್ಸು,
ನಾಕು ಬಣ್ಣ, ಹಳೇ ಮಷೀನು,
ಕೆಂಪು ಮಾತ್ರ ಒಂದು ಕೂದಲೆಳಿ ಎಡಕ್ಕ ಸರೀತೈತಿ.
‘ನಲವತ್ತು ದಾಟಿದ ಗಂಡಸರಿಗೆ.
ಹೃದಯ, ಎಲುಬು, ಪ್ರಾಸ್ಟೇಟ್, ಹುರುಪು.’
ಪ್ರೂಫಿನ್ಯಾಗ ‘ರೋಗ ತಡೆಯುತ್ತದೆ’ ಅಂತಿತ್ತು.
ಮಾಲಕರು ಫೋನಿನ್ಯಾಗ ಯಾರನ್ನೋ ಕೇಳಿ
‘ತಡೆಯಲು ಸಹಾಯಕ’ ಅಂತ ತಿದ್ದಿಸಿದ್ರು.
ಒಂದ ಶಬ್ದಕ್ಕ ಪ್ಲೇಟು ಮತ್ತ ಮಾಡಬೇಕಾತು,
ಬೈಕೋತ ರೋಲರು ತೊಳದ್ನಿ.

ಈಗ ಅದ ಡಬ್ಬಿ
ನಮ್ಮ ಅಡಗಿಮನಿ ಮಾಡದಾಗ,
ಶೇಂಗಾ ಚಟ್ನಿ ಭರಣಿ ಬಾಜೂಕ.
ಶಂಕ್ರವ್ವ ತಂದಾಳ, ಕಳಕಪ್ಪನ ಅಂಗಡ್ಯಾಗಿಂದ,
ಎಂಟುನೂರಾ ಐವತ್ತು, ಚೀಟಿ ರೊಕ್ಕ.
ಆಕಿ ಅಣ್ಣ ಊಟಕ್ಕ ಕುಂತಲ್ಲೇ ಹೋದ ಮ್ಯಾಲ
ನಾ ಮೆಟ್ಟಲ ಹತ್ತಿದ್ರ
ನನ್ನ ಉಸರು ಎಣಸತಾಳ.

ಡಬ್ಬಿ ಬೆಳಕಿಗೆ ಹಿಡದ್ನಿ.
‘ಹೃದಯ’ದ ಕೆಂಪು ಎಡಕ್ಕ ಸರದೈತಿ.
ನಂದ ಕೈ.
ಹೇಳಬೇಕಂದ್ನಿ: ಹುಚ್ಚಿ,
ಇದರಾಗ ಏನೈತೋ ನನಗೂ ಗೊತ್ತಿಲ್ಲ,
ಅಕ್ಷರ ಅಷ್ಟ ಗೊತ್ತು.
ಆ ರೊಕ್ಕದಾಗ ಡಾಕ್ಟರ್ ಕಡೆ ಬಿ.ಪಿ. ತೋರಸಬಹುದಿತ್ತು.

ಆಕಿ ನೀರಿನ ವಾಟೆ ಹಿಡದು ನಿಂತಿದ್ಲು,
ತಾನ ನುಂಗೂವಂಗ ಗಂಟಲಾ ಮಾಡಿ.

ನುಂಗಿದ್ನಿ.
ತಾಸಿನ ಮ್ಯಾಲ ಒಂದು ತೇಗು ಬಂತು,
ಕೆರಿ ದಂಡಿ ವಾಸನಿ.
ಕೆಳಗಿಂದ ಎರಡನೇ ಸಾಲು,
ಎಲ್ಲಕ್ಕಿಂತ ಸಣ್ಣ ಅಕ್ಷರ: ಮೀನೆಣ್ಣೆ.
ತತ್ತಿ ಮುಟ್ಟಿದ್ರ ಕೈ ತೊಳಿಯೂ ಮನಿ ನಮ್ದು,
ಸೋಮವಾರ ಒಪ್ಪತ್ತು ಆಕೀದು.
ಆಕೀಗೆ ಚಾಳೀಸು ಇಲ್ಲದ ಅದು ಕಾಣೂದಿಲ್ಲ.
ನಾ ತುಟಿ ಒರಸಿಕೊಂಡ್ನಿ.

ದೀಪಾ ಆರಿಸಿ ಆಕಿ ಅಂದ್ಲು:
‘ಇನ್ನ ಐವತ್ತೊಂಬತ್ತು ಅದಾವು.’