ವಾಲ್ದುರನ ಮೊಣಕಾಲು

ಇಪ್ಪತ್ತೆಂಟು ವರ್ಷ ಶನಿವಾರವೆಂದರೆ
ನನಗೆ ಪೆಟ್ರೋಲಿನ ವಾಸನೆ.
ಒಂಬತ್ತಕ್ಕೆ ವಾಲ್ದುರ್ ಹಗ್ಗ ಎಳೆಯುತ್ತಿದ್ದ,
ಯಂತ್ರ ಕೆಮ್ಮುತ್ತಿತ್ತು, ಆಮೇಲೆ ಗುಡುಗುತ್ತಿತ್ತು,
ಹತ್ತೂವರೆಗೆಲ್ಲ ನಮ್ಮ ಹಿತ್ತಲು
ಕ್ಷೌರಿಕನ ಕುರ್ಚಿಯಿಂದ ಆಗಷ್ಟೇ ಎದ್ದ
ಸೈನಿಕನ ತಲೆ.

ವಿಲ್ಯಾಂಡಿಯ ಈ ಬೀದಿಯಲ್ಲಿ ಎಲ್ಲರದೂ ಹಾಗೆಯೇ.
ಹುಲ್ಲು ಕಣಕಾಲು ಮುಟ್ಟಿತೆಂದರೆ
ಆ ಮನೆಯಲ್ಲಿ ಕಾಯಿಲೆ ಎಂದು ಅರ್ಥ,
ಇಲ್ಲವೇ ಕುಡಿತ.

ನಮ್ಮದು ಕಾಯಿಲೆ.
ಏಪ್ರಿಲ್ ಕೊನೆಗೆ ಅವನ ಎಡ ಮೊಣಕಾಲು ತೆರೆದು
ಡಾಕ್ಟರು ಒಳಗೊಂದು ಉಕ್ಕಿನ ಕೀಲು ಕೂರಿಸಿದರು.
ಎರಡು ತಿಂಗಳು ಮೆಟ್ಟಿಲು ಇಳಿಯಬೇಡಿ ಎಂದರು.
ಅವನು ಅಡುಗೆಮನೆಯ ಕಿಟಕಿಗೆ ಕುರ್ಚಿ ಹಾಕಿಸಿಕೊಂಡು
ಹುಲ್ಲನ್ನು ಕಾಯತೊಡಗಿದ,
ಸಾಲ ಕೊಟ್ಟವನು ಸಾಲಗಾರನ ಬಾಗಿಲು ಕಾಯುವ ಹಾಗೆ.

'ನೀನಾದರೂ ಎಳೆ ಸಾಲ್ಮೆ, ಒಂದು ಹಗ್ಗ ತಾನೆ.'
ಎಳೆದೆ. ಹೊತ್ತಿಕೊಳ್ಳಲಿಲ್ಲ.
ಭುಜ ನೋವು ಎಂದೆ.
ಈಗ ನಿಜ ಹೇಳುತ್ತೇನೆ:
ಎಳೆದದ್ದು ಒಂದೇ ಸಲ,
ಅದೂ ಮೆಲ್ಲಗೆ.

ಮೇ ಎರಡನೇ ವಾರ, ಹಳದಿ.
ಡ್ಯಾಂಡೆಲಿಯನ್. ಅದನ್ನು ಬೇರುಸಹಿತ ಕೀಳಲೆಂದೇ
ಎರಡು ಹಲ್ಲಿನ ಕಬ್ಬಿಣವೊಂದು ಗೋಡೆಗೆ ನೇತಾಡುತ್ತದೆ ನಮ್ಮಲ್ಲಿ.
ಯಾರೋ ಮೂಟೆ ಬಿಚ್ಚಿ ಚಿಲ್ಲರೆ ಸುರಿದು
ಎಣಿಸದೆ ಎದ್ದುಹೋದ ಹಾಗಿತ್ತು.
ಅವನು ಮುಖ ತಿರುಗಿಸಿ ರೇಡಿಯೋ ಹಚ್ಚಿದ.
'ಬರೀ ಕಳೆ,' ಎಂದ.
'ಹೌದು, ಕಳೆ,' ಎಂದೆ ನಾನೂ,
ಮದುವೆಯ ದಿನ ಮದುಮಗಳ ಮುಖ ನೋಡಿ
ಅನ್ನುತ್ತಾರಲ್ಲ, ಹಾಗೆ.

ಆಮೇಲೆ ಯಾರೂ ಕರೆಯದವು ಬಂದವು.
ನುರ್ಮೆನುಕ್: ಒಂಟಿ ದಂಟಿನ ತುದಿಗೆ
ಒಂದೇ ಕಡೆ ಬಾಗಿದ ಬೀಗದಕೈಗಳ ಗೊಂಚಲು.
ಅಜ್ಜಿ ಇದರ ಕಷಾಯ ಕುಡಿಸುತ್ತಿದ್ದಳು ಕೆಮ್ಮಿಗೆ.
ಕೊನೆಗೆ ಕಂಡದ್ದು ನನ್ನ ಶಾಲೆಯ ದಿನಗಳಲ್ಲಿ.
ಇಷ್ಟು ಕಾಲ ಎಲ್ಲಿತ್ತು ಇದು?
ಇಲ್ಲೇ ಇತ್ತು. ಸಾವಿರದ ನಾನೂರು ಶನಿವಾರಗಳಡಿ
ಎಲೆಯನ್ನು ನೆಲಕ್ಕೆ ಒತ್ತಿಕೊಂಡು,
ಬ್ಲೇಡು ತಲೆಯ ಮೇಲೆ ಹಾದುಹೋಗಲೆಂದು.

ಎಲ್ಲವೂ ಚೆಂದವಲ್ಲ, ಸುಳ್ಳೇಕೆ.
ತುರಿಕೆಸೊಪ್ಪು ಶೆಡ್ಡಿನ ಬಾಗಿಲು ಮುಚ್ಚಿತು.
ಬಟ್ಟೆ ಒಣಹಾಕುವ ಕಂಬದ ಬುಡಕ್ಕೆ
ಕೊಳಕು ಹಸಿರಿನ ಮುಳ್ಳುಗಿಡವೊಂದು ಎದ್ದು
ನನ್ನ ಲಂಗ ಹಿಡಿದು ಜಗಳಕ್ಕೆ ನಿಂತಿತು.
ಒಂದು ಸಂಜೆ ತೊಡೆಗೆ ಉಣ್ಣಿ ಕಚ್ಚಿತ್ತು.
ಚಿಮುಟದಲ್ಲಿ ಕಿತ್ತು ಒಲೆಗೆ ಹಾಕಿದೆ.
ಅವನಿಗೆ ಹೇಳಲಿಲ್ಲ.

ಯಾನ್ ಹಬ್ಬಕ್ಕೆ ನಾಲ್ಕು ದಿನ ಇರುವಾಗ
ಆರ್ನೆ ಬೇಲಿಗೆ ಮೊಣಕೈ ಊರಿದ.
ನೆಂಟರು ಬರುತ್ತಾರೆ ಎಂದ. ನಿಮ್ಮ ಬೀಜವೆಲ್ಲ ನನ್ನ ಕಡೆಗೆ ಎಂದ.
ಹತ್ತು ನಿಮಿಷದ ಕೆಲಸ, ನನ್ನ ಯಂತ್ರ ತರುತ್ತೇನೆ, ದುಡ್ಡು ಬೇಡ.
ನಾನು ಬಾಯಿ ತೆರೆಯುವ ಮೊದಲೇ
ಕಿಟಕಿಯಿಂದ ವಾಲ್ದುರನ ದನಿ:
'ಈಗ ಬೇಡ. ನಾಲ್ಕು ಗಂಟೆಗೆ ಅವನು ಬರುತ್ತಾನೆ.'
'ಯಾರು?'
ಉತ್ತರವಿಲ್ಲ. ಕಿಟಕಿ ಮುಚ್ಚಿತು.

ರಾತ್ರಿ ಹತ್ತಾದರೂ ಬೆಳಕು ಆರದ ಹೊತ್ತು
ಅವನ ಮಾತ್ರೆಯ ಡಬ್ಬಿ ಎತ್ತಿಡುವಾಗ ನೋಡಿದೆ.
ರಟ್ಟಿನ ಹಿಂಬದಿ, ಪೆನ್ಸಿಲ್, ಅವನ ಗಿಡ್ಡ ಅಕ್ಷರ:
'ನಾಲ್ಕು ಹತ್ತು. ಕಿತ್ತಳೆ ಬೆನ್ನಿನ ದುಂಬಿ.
ನಾಲ್ಕು ಇಪ್ಪತ್ತೈದು. ಅದೇನಾ? ಬೇರೆಯಾ?
ಮಳೆ. ಬರಲಿಲ್ಲ.
ನೀಲಿ ಗಂಟೆಹೂವಿನೊಳಗೇ ಮಲಗಿದೆ, ಪೂರಾ ಒಳಗೆ,
ಕಾಲು ಮಾತ್ರ ಆಚೆ.'

ಜುಲೈ ಮೊದಲ ಶನಿವಾರ, ಒಂಬತ್ತಕ್ಕೆ,
ಕೋಲೂರಿಕೊಂಡು ಇಳಿದ.
ಹಗ್ಗ ಎಳೆದ ಸದ್ದಿಗೆ
ನನ್ನ ಕೈಯ ತಟ್ಟೆ ನೀರಿನಲ್ಲೇ ಉಳಿಯಿತು.
ಮೊದಲ ಎಳೆತಕ್ಕೇ ಹೊತ್ತಿಕೊಂಡಿತು ಹಾಳಾದ್ದು.

ಐದೇ ನಿಮಿಷ. ಆಮೇಲೆ ಮೌನ.
ಹೋಗಿ ನೋಡಿದರೆ ಒಂದೇ ಒಂದು ಗೆರೆ,
ಬಾಗಿಲಿನಿಂದ ಬಟ್ಟೆಯ ಕಂಬದವರೆಗೆ,
ಒಬ್ಬಳು ಬುಟ್ಟಿ ಹೊತ್ತು ನಡೆಯುವಷ್ಟು ಅಗಲ.
ನೇರ ಹೋಗಿ, ಆ ಮುಳ್ಳುಗಿಡದ ಹತ್ತಿರ
ಸುತ್ತಿ ಬಳಸಿ ಮತ್ತೆ ನೇರ.

'ಮೊಣಕಾಲು ಎಳೆದುಬಿಟ್ಟಿತು,' ಎಂದ.
'ಯಾವುದು?'
'ಎಡದ್ದು.'

ದಾರಿ ಬಾಗಿದ್ದು ಬಲಕ್ಕೆ.
ನಾನು ಏನೂ ಅನ್ನಲಿಲ್ಲ.
ನನ್ನದೂ ಒಂದು ಭುಜ ಇತ್ತಲ್ಲ.