ಪುಸ್ತಕ ಮುಚ್ಚಿದ ಮೇಲೆ

ನವೆಂಬರ್ ಮೂವತ್ತಕ್ಕೆ ನನ್ನ ಕೆಲಸ ಮುಗಿಯುತ್ತದೆ.
ಜೂನ್ ಒಂದರಿಂದ ಗಂಟೆಗೊಮ್ಮೆ ಹೊಳೆ ಓದಿ
ಗೀಟು ಹಾಕಿದ ರಿಜಿಸ್ಟರಿನಲ್ಲಿ ಬರೆದು
ಹಾಸನದ ಆಫೀಸಿಗೆ ಫೋನು ಮಾಡುವ ಕೆಲಸ.
ಇಂಜಿನಿಯರು ಕೊನೆಯ ಪುಟಕ್ಕೆ ರುಜು ಹಾಕಿದರು,
"ಇನ್ನು ಜೂನಿಗೆ ಬಾ ಹೂವಮ್ಮ" ಅಂದರು.
ಟಾರ್ಚು ಮಾತ್ರ ವಾಪಸು ಕೇಳಲಿಲ್ಲ.

ಹೇಮಾವತಿಯೂ ರಜೆಯ ಮೇಲಿದ್ದಳು.
ಸೇತುವೆ ಕಂಬದ ಬಿಳಿ ಅಂಕಿಗಳಲ್ಲಿ
ಒಂದು ಮಾತ್ರ ಒದ್ದೆ;
ಮೇಲಿನವುಗಳ ಮೇಲೆ ಮಿಂಚುಳ್ಳಿಯ ಹಿಕ್ಕೆ.

ನೆಲಕ್ಕೆ ರಜೆ ಸಿಕ್ಕಿರಲಿಲ್ಲ.
ಈ ವರ್ಷ ಸ್ವಾತಿ ಹೊಯ್ದಿತು, ವಿಶಾಖ ಬಿಡಲಿಲ್ಲ,
ಅನುರಾಧ ದಾಟಿದರೂ ಗದ್ದೆಗೆ ಕಾಲಿಟ್ಟರೆ
ಹೆಜ್ಜೆಯೊಳಗೆ ನೀರು ಎದ್ದು ಕೂರುತ್ತಿತ್ತು.
ನಮ್ಮತ್ತೆ ಹಿತ್ತಲಲ್ಲಿ ಕಡ್ಡಿ ಚುಚ್ಚಿ ನೋಡಿ
"ಹೊಟ್ಟೆ ಬಿರಿಯಾ ಉಂಡ ಮಗ ಇದು,
ಇನ್ನೊಂದು ತುತ್ತು ಇಟ್ರೆ ಕಕ್ತದೆ" ಅಂದಳು.
ಅದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಅವರೆಕಾಯಿಗೆ ಸೊಗಡು ಹತ್ತಿತ್ತು.
ಹೊಳೆ ಬಿಟ್ಟುಕೊಟ್ಟ ಜಾಗಕ್ಕೆ ಇಟ್ಟಿಗೆಯವರು ಇಳಿದಿದ್ದರು,
ಹರಪನಹಳ್ಳಿ ಕಡೆಯ ಹುಲುಗಪ್ಪ, ಗಂಗವ್ವ,
ಆರು ಗುಡಿಸಲು, ಎರಡು ಕತ್ತೆ,
ಬೆನ್ನಿಗೆ ಬೆನ್ನು ಕೊಟ್ಟು ಒಣಗುತ್ತ ನಿಂತ
ಹದಿನಾಲ್ಕು ಸಾವಿರ ಹಸಿ ಇಟ್ಟಿಗೆ.

ಧನುರ್ಮಾಸದ ಎರಡನೇ ದಿನ ಮಳೆ ಬಂತು.
ಗುಡುಗಿಲ್ಲ, ಗಾಳಿಯಿಲ್ಲ.
ಮನೆ ತಪ್ಪಿ ಬಂದ ನೆಂಟನ ಹಾಗೆ
ಮೆಲ್ಲಗೆ ಬಾಗಿಲು ತಟ್ಟಿ
ಆಮೇಲೆ ಹೋಗಲೇ ಇಲ್ಲ.
"ಇದು ಯಾವ ಮಳೆ?" ಅಂದೆ.
ಅತ್ತೆ ಬೆರಳು ಮಡಿಸಿದಳು, ಬಿಡಿಸಿದಳು.
ಅವಳ ಗಾದೆಗಳೆಲ್ಲ ವಿಶಾಖಕ್ಕೇ ಮುಗಿದಿದ್ದವು.

ಸಂಜೆ ಮೂಡಿಗೆರೆಯಿಂದ ತಂಗಿಯ ಫೋನು:
"ಕಣದಲ್ಲಿ ಕಾಫಿ ತೇಲ್ತಾ ಅದೆ ಕಣಕ್ಕ."
ಒಂದು ಹನಿಯನ್ನೂ ನೆಲ ಇಟ್ಟುಕೊಳ್ಳಲಿಲ್ಲ.
ತುಂಬಿದ ಬಸ್ಸಿನ ಕಂಡಕ್ಟರನಂತೆ
ಮುಂದೆ ಹೋಗಿ, ಮುಂದೆ ಹೋಗಿ ಅಂತ
ಬಂದದ್ದನ್ನೆಲ್ಲ ಹೊಳೆಗೆ ದಬ್ಬಿತು.

ರಾತ್ರಿ ಎರಡಕ್ಕೆ ಎಚ್ಚರವಾಯಿತು.
ಆರು ತಿಂಗಳ ರೂಢಿ ಮೈಯಿಂದ ಇನ್ನೂ ಇಳಿದಿರಲಿಲ್ಲ.
ಕಂಬಕ್ಕೆ ಟಾರ್ಚು ಬಿಟ್ಟೆ: ನಾಲ್ಕು.
ಆರಿಸಿ, ಕಣ್ಣುಜ್ಜಿ, ಮತ್ತೆ ಬಿಟ್ಟೆ:
ನಾಲ್ಕು ಕಾಲು.
ಬಣ್ಣವೇನೋ ಜುಲೈ ತಿಂಗಳದೇ,
ವಾಸನೆ ಬೇರೆ.
ಭತ್ತದ ಕೂಳೆ, ಕಾಫಿ ಸಿಪ್ಪೆಯ ಹುಳಿ.
ಆಫೀಸಿನ ಫೋನು ಬಡಕೊಂಡಿತು, ಬಡಕೊಂಡಿತು,
ಅಲ್ಲೂ ಡಿಸೆಂಬರ್.

ಬರೆಯಲು ಪುಸ್ತಕವಿಲ್ಲ,
ಓದಿದ್ದನ್ನು ಕೂಗಿಯೇ ಹೇಳಬೇಕಾಯಿತು.
ಕೆಸರಲ್ಲಿ ಜಾರಿ, ಎದ್ದು, ಓಡಿ
"ಹುಲುಗಪ್ಪಾ, ನಾಲ್ಕೂವರೆ!" ಅಂದೆ.
ನಾಲ್ಕೂವರೆ ಅಂದರೆ ಏನೆಂದು ಅವನಿಗೆ ಗೊತ್ತಿಲ್ಲ.
ನನ್ನ ಗಂಟಲು ಗೊತ್ತಾಯಿತು.

ಮಕ್ಕಳು ಮೇಲೆ ಬಂದವು, ಕಂಬಳಿ ಬಂತು,
ಕತ್ತೆಗಳು ಬಂದವು, ಅಚ್ಚುಗಳು ಬಂದವು,
ತಳದಲ್ಲಿಷ್ಟು ಅವರೆ ಸಾರಿದ್ದ ಪಾತ್ರೆಯೂ ಬಂತು.
ಇಟ್ಟಿಗೆ ಬರಲಿಲ್ಲ.

ಬೆಳಕು ಹರಿಯುವಾಗ ದಿಬ್ಬದಲ್ಲಿ ಕೂತು ನೋಡಿದೆವು.
ಮೊದಲು ಮೂಲೆಗಳು ಕರಗಿದವು,
ಆಮೇಲೆ ಅಂಚು, ಆಮೇಲೆ
ಗಂಗವ್ವನ ಹೆಬ್ಬೆರಳ ಗುರುತು.
ಸಾಲಿಗೆ ಸಾಲು ಸದ್ದಿಲ್ಲದೆ ಕುಸಿದು
ಯಾರೂ ಮುಟ್ಟದ ಮಣ್ಣಾಗಿ ಹೋದವು.
ಅವಳು ಅಳಲಿಲ್ಲ.
ಸಾವಿರಕ್ಕೆ ಇಷ್ಟು, ಸಾವಿರಕ್ಕೆ ಇಷ್ಟು ಅಂತ
ನಮ್ಮತ್ತೆಯ ಹಾಗೇ ಬೆರಳು ಮಡಿಸುತ್ತಿದ್ದಳು.

ಹನ್ನೊಂದಕ್ಕೆ ಇಂಜಿನಿಯರ ಜೀಪು.
ನೀರು ಆಗಲೇ ಇಳಿಮುಖ,
ಕಂಬದ ಮೇಲೆ ಐದಕ್ಕೆ ಎರಡು ಬೆರಳು ಕೆಳಗೆ
ಕೆಸರಿನ ಗೆರೆ.
"ರೀಡಿಂಗ್ ಏನೂ ಇಲ್ಲವಲ್ಲ" ಅಂದರು.
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ
ಎರಡರಿಂದ ಎಂಟರವರೆಗೆ ಬರೆದಿದ್ದನ್ನು ಕೊಟ್ಟೆ.
ತಿರುಗಿಸಿ ನೋಡಿದರು, ಮಡಿಸಿದರು,
"ಇದನ್ನ ಎಲ್ಲಿ ಏರಿಸಲಿ ಹೂವಮ್ಮ?"

ಮನೆಗೆ ಬಂದರೆ ಅತ್ತೆ ಕಡ್ಡಿ ಹಿಡಿದು
ಮತ್ತೆ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.
"ಇನ್ನೂ ಇಳಿದಿಲ್ಲ" ಅಂದಳು.
ಹೊಳೆಯ ಮಾತಲ್ಲ ಅದು.