ಕ್ಷಯ ಸಂವತ್ಸರದ ಕಡತ

ಹುಣಸೆಬೀಜದ ಅಂಟಿಗೆ ಇದ್ದಿಲು ಅರೆದು
ಬಟ್ಟೆಯನ್ನು ಮತ್ತೆ ಕಪ್ಪು ಮಾಡಿದ್ದೇನೆ.
ಬಳಪ ಚೂಪಾಗಿದೆ. ಬರೆಯಬೇಕಾದ್ದು ಮೊದಲ ಸಾಲು.
ಅದೇ ಬರುತ್ತಿಲ್ಲ.

ಅಪ್ಪ ತೊಡೆ ಹಿಂಡಿ ಹಿಂಡಿ ಕಲಿಸಿದ ಸಾಲು:
ಸ್ವಸ್ತಿಶ್ರೀ ಮಹಾರಾಜಾಧಿರಾಜ ರಾಜಪರಮೇಶ್ವರ
ಇಂಥವರು ಸುಖಸಂಕಥಾವಿನೋದದಿಂದ
ರಾಜ್ಯವಾಳುತ್ತಿರಲು...
ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು ನಮ್ಮೂರಿಗೆ:
ಮಿಡಿಗೇಶಿ ಸೀಮೆ, ಬೆಟ್ಟದ ಮೂಡಲಿಗೆ ಕೆರೆ,
ಕೆರೆ ಹಿಂದೆ ಗದ್ದೆ, ಗದ್ದೆಗೆ ಇಷ್ಟು ಕೊಳಗ.
ರಾಯರಿಂದ ಕೊಳಗದವರೆಗೆ ಒಂದೇ ಉಸಿರು.

ಈಗ ‘ಇರಲು’ ಇದೆ.
ಇರುವವರಿಲ್ಲ.

ರಕ್ತಾಕ್ಷಿಯ ಮಾಘ ಕಳೆಯುವಾಗ ಸುದ್ದಿ ಬಂತು
ಉಪ್ಪಿನ ಕತ್ತೆಗಳ ಹಿಂದೆ, ಉಪ್ಪಾರ ಚೌಡನ ಬಾಯಲ್ಲಿ.
ಕೃಷ್ಣೆಯ ಕಡೆ ಯುದ್ಧವಾಯಿತಂತೆ.
ಪಟ್ಟಣ ಇನ್ನೂ ಉರಿಯುತ್ತಿದೆಯಂತೆ.
ಆನೆಗಳು ಬೊಕ್ಕಸ ಹೊತ್ತು ಪೆನುಗೊಂಡೆಯ ದಾರಿ ಹಿಡಿದವಂತೆ.
ನಾವು ಉಪ್ಪಿನ ಬೆಲೆ ಕೇಳಿದೆವು.
ಹೇಳಿದ.
ಜಾಸ್ತಿಯಾಯಿತು ಎಂದೆವು.

ಕ್ರೋಧನದಲ್ಲಿ ಚೌಡ ಮತ್ತೆ ಬಂದ. ಮೂರು ಕತ್ತೆ,
ಒಂದರ ಬೆನ್ನ ಮೇಲೆ ಮಾತ್ರ ಹೇರು.
ನಿಡುಗಲ್ಲಿನವರು ಒಂದು ಪಾಲು ಇಳಿಸಿಕೊಂಡರು,
ಮದ್ದಗಿರಿಯವರು ಇನ್ನೊಂದು,
ನಡುವೆ ಹೆಸರೇ ಇಲ್ಲದ ಗುಡ್ಡದ ಮೇಲೆ
ಹನ್ನೆರಡು ಆಳು, ಒಂದು ಕಹಳೆ,
ಅವನೂ ನಾಯಕನಂತೆ, ಅವನಿಗೂ ಸುಂಕ.
‘ಊದೋಕೆ ಬರಲ್ಲ ಸ್ವಾಮಿ ಅವರಿಗೆ,
ನನ್ನ ಕತ್ತೇನೇ ವಾಸಿ’ ಎಂದ.
ನಕ್ಕೆವು. ಆ ವರ್ಷವೆಲ್ಲ ಊರಿನ ಸಾರು ಸಪ್ಪೆ.

ಈಗ ಬೆಟ್ಟಕ್ಕೊಂದು ಕೋಟೆ ಏಳುತ್ತಿದೆ.
ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುತ್ತಾರೆ,
ಕಾದ ಕಲ್ಲಿಗೆ ನೀರು ಸುರಿದು ಸೀಳುತ್ತಾರೆ.
ರಾತ್ರಿ ಜಗಲಿಯಲ್ಲಿ ಕೂತರೆ ದಿಕ್ಕು ದಿಕ್ಕಿಗೆ ಉರಿ.
ಮಗು ಎಣಿಸುತ್ತದೆ. ನಿನ್ನೆ ಐದು, ಇವತ್ತು ಏಳು.

ನಮ್ಮ ಕೆರೆಯ ಏರಿ ಒಬ್ಬ ನಾಯಕನಿಗೆ ಸೇರಿತು,
ತೂಬು ಇನ್ನೊಬ್ಬನಿಗೆ,
ಕೋಡಿ ಬಿದ್ದ ನೀರು ಹೋಗುವುದು ಮೂರನೆಯವನ ಸೀಮೆಗೆ.
ಮೀನು ಯಾರ ಒಕ್ಕಲೋ ಇನ್ನೂ ತೀರ್ಮಾನವಾಗಿಲ್ಲ.
ಮೊನ್ನೆ ಏರಿಯವರು ಬಂದರು:
ತೂಬು ತೆರೆದರೆ ಕೈ ಕಡಿಯುತ್ತೇವೆ.
ಸಂಜೆ ತೂಬಿನವರು ಬಂದರು:
ತೆರೆಯದಿದ್ದರೆ.
ನೀರುಗಂಟಿ ಮೂಡ್ಲಗಿರಿ ಇಬ್ಬರಿಗೂ ಕೈ ಮುಗಿದ.
(ಎರಡೂ ಇರುವಾಗಲೇ ಮುಗಿದುಬಿಡೋಣ ಅಂತ,
ಆಮೇಲೆ ನನಗೆ ಹೇಳಿದ.)
ಮೂರನೇ ಜಾವದಲ್ಲಿ ಮುಳುಗು ಹಾಕಿ
ಬಿರಡೆ ಎತ್ತಿದ, ಎಂದಿನಂತೆ ಎಂಟು ಬೆರಳು.
ಬೆಳಗ್ಗೆ ಪೈರಿನ ಬುಡವೆಲ್ಲ ಒದ್ದೆ.
ಕೇಳಿದವರಿಗೆ ಇಬ್ಬನಿ ಎಂದೆ.
ಶಾನುಭೋಗನ ಮಾತು, ನಂಬಿದರು.

ಈ ಸಂವತ್ಸರದ ಹೆಸರು ಕ್ಷಯ. ಅರವತ್ತರಲ್ಲಿ ಕೊನೆಯದು.
ಹಿಂದಿನ ಸುತ್ತಿನ ಓಲೆ ತೆಗೆದು ನೋಡಿದೆ,
ಅಜ್ಜ ‘ಅಕ್ಷಯ’ ಎಂದು ಬರೆದಿದ್ದಾನೆ.
ಮುಂದೊಂದು ಅ ಇಟ್ಟರೆ ಸಾಕು,
ಸವೆಯುವುದು ಸವೆಯದಂತಾಗುತ್ತದೆ,
ಜೋಯಿಸರದ್ದೂ ತಕರಾರಿಲ್ಲ.
ಅಜ್ಜನಿಗೇನು, ಆ ಒಂದು ಅಕ್ಷರಕ್ಕೆ
ಹೊಣೆ ನಿಲ್ಲಲು ಮೇಲಿನ ಸಾಲಿನಲ್ಲಿ ರಾಯರಿದ್ದರು.

ನಾಳೆ ಮೂವರ ಕಡೆಯವರೂ ಬರುತ್ತಾರೆ
ಮೂರು ಅಳತೆಯ ಮೂರು ಕೊಳಗ ಹೊತ್ತು.
ಕಡತಕ್ಕೆ ಮಡಿಕೆಗಳಿವೆ, ಪುಣ್ಯ.
ಒಂದೊಂದು ಮಡಿಕೆಯ ನೆತ್ತಿಗೆ ಒಬ್ಬೊಬ್ಬನ ಹೆಸರು,
ಬಂದವನಿಗೆ ಅವನದನ್ನಷ್ಟೇ ಬಿಚ್ಚುವುದು.
ಯಾರೂ ಬಿಚ್ಚದ ಒಳಮಡಿಕೆಯಲ್ಲಿ
ಅಪ್ಪನ ಸಾಲನ್ನು ಹೀಗೆ ಮುಗಿಸಿದ್ದೇನೆ:
ಸ್ವಸ್ತಿಶ್ರೀ. ನೀರುಗಂಟಿ ಮೂಡ್ಲಗಿರಿ
ಎಂಟು ಬೆರಳು ಬಿರಡೆ ಎತ್ತುತ್ತಿರಲು,
ಗದ್ದೆಗೆ ಇಷ್ಟು ಕೊಳಗ.

ಉಳಿದದ್ದು ಸಂವತ್ಸರ.
ಅ ಇಡಲೋ ಬಿಡಲೋ, ಬಳಪ ಅಲ್ಲೇ ನಿಂತಿದೆ.
ಹೊರಗೆ ಕತ್ತೆ ಕೂಗಿತು. ಒಂದೇ.
ಚೌಡನೇ ಇರಬೇಕು.
ಉಪ್ಪು ಉಳಿದಿದೆಯೋ, ಕೇಳಿ ಬರುತ್ತೇನೆ.